ಜನರಿಲ್ಲವೆಂದು ಬರೆದ ಊರು

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬಸ್ಸಿನ ಆಟದ ಚಟ ಹತ್ತಿತೆಂದರೆ ಯಾರಾದರೂ ನಗುತ್ತಾರೆ. ಆದರೆ ನಾನು ಒಪ್ಪಿಕೊಳ್ಳಬೇಕಾದ ತಪ್ಪು ಹೊರಗೆ ಬಂದದ್ದು ಆ ಆಟದಿಂದಲೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವಿರುವುದು ಕೋಲಾರದಲ್ಲಿ. ಮನೆಯಲ್ಲಿ ನಾಲ್ಕು ಜನ: ಗ್ಯಾರೇಜಿನಲ್ಲಿ ಕೆಲಸ ಮಾಡುವ ಮಗ, ಸೊಸೆ, ಪಿಯುಸಿ ಓದುವ ಮೊಮ್ಮಗಳು ಮತ್ತು ನಾನು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಆಟ ಇರುವುದು ಮೊಮ್ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ. ಪರದೆಯ ಮೇಲೆ ಊರುಗಳು, ರಸ್ತೆಗಳು, ಇರುವೆಯಷ್ಟು ಜನ. ಎಲ್ಲಿ ಸ್ಟಾಪ್ ಇಡಬೇಕು, ಯಾವ ಊರಿನಿಂದ ಯಾವ ಊರಿಗೆ ಎಷ್ಟು ಬಸ್ಸು ಬಿಡಬೇಕು, ಎಷ್ಟು ಹೊತ್ತಿಗೊಂದು ಹೊರಡಬೇಕು ಎಂಬುದನ್ನೆಲ್ಲ ಆಡುವವರೇ ತೀರ್ಮಾನಿಸಬೇಕು. ಕಾಯುವ ಜನ ಹೆಚ್ಚಾದರೆ ಸ್ಟಾಪಿನ ತಲೆಯ ಮೇಲಿನ ಸಂಖ್ಯೆ ಕೆಂಪಾಗುತ್ತದೆ.

ಮೊಮ್ಮಗಳು ಆ ಆಟವನ್ನು ಮೊದಲ ಸಲ ನನ್ನ ಮುಂದೆ ತಂದಿಟ್ಟದ್ದು ದೂರು ಹೇಳುವುದಕ್ಕೆ. ಅದರಲ್ಲಿ ನಕಾಶೆಯನ್ನು ನಾವೇ ಬರೆದುಕೊಳ್ಳಬಹುದಂತೆ. ಅವಳು ನಮ್ಮ ಸೀಮೆಯನ್ನೇ ಬರೆದುಕೊಂಡಿದ್ದಳು. ನಡುವೆ ಕೋಲಾರ, ಒಂದು ಕಡೆ ಮಾಲೂರು, ಇನ್ನೊಂದು ಕಡೆ ಮುಳಬಾಗಿಲು, ಮೇಲೆ ಶ್ರೀನಿವಾಸಪುರ, ಆಂಧ್ರದ ಅಂಚಿಗೆ ನಂಗಲಿ. ನಂಗಲಿಗೆ ನಕಾಶೆ ಮುಗಿಯುತ್ತಿತ್ತು. ಮಾಲೂರಿನಿಂದ ಹೊರಟು ಎಲ್ಲ ಊರನ್ನೂ ಮುಟ್ಟಿ ನಂಗಲಿಗೆ ಹೋಗುವ ಒಂದೇ ಉದ್ದನೆಯ ಲೈನು ಎಳೆದಿದ್ದಳು.

"ತಾತ, ಹನ್ನೆರಡು ಬಸ್ ಬಿಟ್ಟಿದೀನಿ. ಆದ್ರೂ ಎಲ್ಲ ಕಡೆ ಕೆಂಪೇ. ಮೂರ್ಮೂರು ಬಸ್ ಒಟ್ಟಿಗೆ ಬರ್ತವೆ, ಆಮೇಲೆ ಒಂದೂ ಬರಲ್ಲ" ಎಂದಳು.

ನನಗೆ ನಗು ಬಂತು. ನಲವತ್ತು ವರ್ಷ ನಾನು ನೋಡಿದ್ದೂ ಅದನ್ನೇ. ನಾನು ಒಂದು ಖಾಸಗಿ ಬಸ್ ಕಂಪನಿಯಲ್ಲಿ ಎಂಟು ವರ್ಷ ಕಂಡಕ್ಟರ್ ಆಗಿದ್ದೆ. ಆಮೇಲೆ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದವನು ನಾನೊಬ್ಬನೇ ಎಂದು ಮಾಲೀಕರು ಆಫೀಸಿಗೆ ಕರೆದುಕೊಂಡು ಟೈಂಕೀಪರ್ ಮಾಡಿದರು. ಬಸ್ಸುಗಳ ವೇಳೆ, ಟ್ರಿಪ್ಪು, ಮಾರ್ಗ ಎಲ್ಲವನ್ನೂ ಹೊಂದಿಸುವ ಕೆಲಸ. ಉದ್ದದ ಲೈನಿನಲ್ಲಿ ಮುಂದಿನ ಬಸ್ಸು ಒಂದು ಕಡೆ ಐದು ನಿಮಿಷ ತಡವಾದರೆ ಸಾಕು. ಮುಂದಿನ ಸ್ಟಾಪಿನಲ್ಲಿ ಅದಕ್ಕೆ ಹೆಚ್ಚು ಜನ ಸಿಗುತ್ತಾರೆ, ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನಷ್ಟು ತಡವಾಗುತ್ತದೆ, ಹಿಂದಿನ ಬಸ್ಸು ಖಾಲಿಯಾಗಿ ಓಡಿಬಂದು ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಲೈನನ್ನು ಕೋಲಾರದಲ್ಲಿ ಕತ್ತರಿಸು ಎಂದೆ. ಮಾಲೂರಿನ ಬಸ್ಸು ಕೋಲಾರಕ್ಕೆ ಬಂದು ಹಿಂದಕ್ಕೆ ತಿರುಗಲಿ, ಶ್ರೀನಿವಾಸಪುರಕ್ಕೆ ಬೇರೆ, ಮುಳಬಾಗಿಲು ದಾಟಿ ನಂಗಲಿಗೆ ಬೇರೆ. ಕೊನೆಯ ನಿಲ್ದಾಣದಲ್ಲಿ ಪ್ರತಿ ಬಸ್ಸೂ ಐದಾರು ನಿಮಿಷ ನಿಲ್ಲಲಿ. ದಾರಿಯಲ್ಲಿ ಆದ ತಡ ಅಲ್ಲೇ ತೀರಿಹೋಗುತ್ತದೆ. ಹಾಗೆ ಮಾಡಿದ ಮೇಲೆ ಹನ್ನೆರಡು ಬಸ್ಸಿನ ಕೆಲಸವನ್ನು ಒಂಬತ್ತೇ ಬಸ್ಸು ಮಾಡಿದವು. ಕೆಂಪು ಇಳಿಯಿತು. ಮೊಮ್ಮಗಳು ಬಾಯಿ ತೆರೆದುಕೊಂಡು ನೋಡಿದಳು. ಅಂದಿನಿಂದ ಅವಳು ಕಾಲೇಜಿಗೆ ಹೋಗುವಾಗ ಲ್ಯಾಪ್‌ಟಾಪನ್ನು ನನ್ನ ಮಂಚದ ಪಕ್ಕದ ಮೇಜಿನ ಮೇಲಿಟ್ಟು ಹೋಗತೊಡಗಿದಳು. ಹತ್ತು ಗಂಟೆಯಿಂದ ಊಟದ ಹೊತ್ತಿನವರೆಗೆ ನನಗೆ ಅದೇ ಕೆಲಸವಾಯಿತು. ಸಂಜೆ ಅವಳು ಬಂದಾಗ ಆ ದಿನ ಉಳಿಸಿದ ನಿಮಿಷಗಳನ್ನು ಹೇಳುತ್ತಿದ್ದೆ. ಬಹಳ ವರ್ಷಗಳ ನಂತರ ನನ್ನ ಕೆಲಸಕ್ಕೆ ಯಾರೋ ಭೇಷ್ ಎನ್ನುತ್ತಿದ್ದರು.

ಅವರೆಕಾಯಿಯ ಕಾಲ. ಒಂದು ಭಾನುವಾರ ಮಧ್ಯಾಹ್ನ ಸೊಸೆ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ನಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತು ಕಾಳು ಹಿದುಕುತ್ತಿದ್ದಳು. ಮೊಮ್ಮಗಳು, "ಅಮ್ಮ, ನಿಮ್ಮೂರು ಇದರಲ್ಲಿ ಎಲ್ಲಿ ಬರುತ್ತೆ ತೋರಿಸು, ಹಾಕ್ತೀನಿ" ಎಂದಳು. ಸೊಸೆ ಒದ್ದೆ ಬೆರಳಿನಿಂದಲೇ ಮುಳಬಾಗಿಲು ಮತ್ತು ಶ್ರೀನಿವಾಸಪುರದ ನಡುವೆ, ಮುಖ್ಯ ರಸ್ತೆಯಿಂದ ಒಳಗೆ ಒಂದು ಜಾಗ ಮುಟ್ಟಿದಳು. ಮೊಮ್ಮಗಳು ಅಲ್ಲಿಗೆ ಒಂದು ಸಣ್ಣ ರಸ್ತೆ ಎಳೆದು ಮೂವತ್ತು ಮನೆ ಇಟ್ಟಳು. ಆ ರಸ್ತೆ ಊರಿಗೇ ಮುಗಿಯುತ್ತದೆ. ಹೋದ ಬಸ್ಸು ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು.

"ತಾತ, ಅಮ್ಮನ ಊರಿಗೂ ಬಸ್ ಬಿಡು."

ಬಿಟ್ಟೆ. ಅಷ್ಟರಲ್ಲಿ ನಾನು ಎಳೆದಿದ್ದ ಮುಳಬಾಗಿಲು-ಶ್ರೀನಿವಾಸಪುರದ ಲೈನನ್ನು ಒಳಗೆ ತಿರುಗಿಸಿದೆ. ಐದು ನಿಮಿಷವೂ ಆಗಿರಲಿಲ್ಲ, ಶ್ರೀನಿವಾಸಪುರದ ಸಂಖ್ಯೆ ಕೆಂಪಾಯಿತು. ನನ್ನ ಕೈ ತಾನಾಗಿ ಹೋಗಿ ಆ ತಿರುವನ್ನು ಅಳಿಸಿ ಲೈನನ್ನು ನೇರ ಮಾಡಿತು. ಕೆಂಪು ಇಳಿಯಿತು.

"ಹೋಗ್ಲಿ ಬಿಡು ತಾತ" ಎಂದಳು ಮೊಮ್ಮಗಳು. "ಅಲ್ಲಿ ಯಾರೂ ಕಾಯ್ತಿಲ್ಲ. ಸ್ಟಾಪ್ ತೆಗೆದುಬಿಟ್ರೆ ಜನ ಬರೋದೇ ಇಲ್ಲ."

ಸೊಸೆ ತಲೆ ಎತ್ತದೆ ಹೇಳಿದಳು. "ನಿನ್ನ ಆಟದಲ್ಲಿ ಇರಬಹುದು ಕಣೇ. ನಾವು ಕಾದ್ವಿ. ಎಂಟು ದಿನ ಕಾದ್ವಿ."

ಆಮೇಲೆ ಕಾಳು ಹಿದುಕುತ್ತಲೇ ಮಗಳಿಗೆ ಆ ಕಥೆ ಹೇಳಿದಳು. ಅವಳು ಏಳನೆಯ ತರಗತಿ ಮುಗಿಸಿ ಶ್ರೀನಿವಾಸಪುರದ ಹೈಸ್ಕೂಲಿಗೆ ಸೇರಿ ನಾಲ್ಕು ತಿಂಗಳಾಗಿತ್ತಂತೆ. ಒಂದು ದಿನ ಬೆಳಗಿನ ಬಸ್ಸು ಬರಲಿಲ್ಲ. ಕೆಟ್ಟಿರಬೇಕು ಅಂದುಕೊಂಡರು. ಮಾರನೆಯ ದಿನ ಡ್ರೈವರಿಗೆ ಹುಷಾರಿಲ್ಲ ಅಂದುಕೊಂಡರು. ಹೀಗೆ ಎಂಟು ದಿನ ಯೂನಿಫಾರ್ಮ್ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು, ಹುಡುಗಿಯರೆಲ್ಲ ಊರಿನ ಶಾಲೆಯ ಗೋಡೆಗೆ ಒರಗಿ ನಿಂತು ಮನೆಗೆ ವಾಪಸು ಬಂದರು. ಒಂಬತ್ತನೆಯ ದಿನ ಮುಳಬಾಗಿಲಿನಿಂದ ಬಂದ ಯಾರೋ, ಬಸ್ಸು ಈಗ ಒಳಗೆ ಬರುವುದಿಲ್ಲ, ನೇರ ಹೋಗುತ್ತದೆ ಎಂದರು. ಗಂಡು ಹುಡುಗರಿಗೆ ಸೈಕಲ್ ಬಂತು. ಹುಡುಗಿಯರ ಓದು ಅಲ್ಲಿಗೆ ನಿಂತಿತು.

"ನಮ್ಮಪ್ಪ ಕೋಲಾರಕ್ಕೆ ಹೋಗಿ ಬಸ್ಸಿನ ಆಫೀಸಲ್ಲಿ ಕೇಳ್ಕೊಂಡು ಬಂದ. ಈ ಊರಲ್ಲಿ ಜನಾನೇ ಹತ್ತಲ್ಲ ಅಂತ ಯಾರೋ ಬರೆದುಕೊಟ್ಟಿದ್ನಂತೆ. ಯಾವನೋ ಕೂತ ಕಡೆ ಬರೆದಿರ್ತಾನೆ" ಎಂದಳು.

ಕೂತ ಕಡೆ ಬರೆದವನು ಅವಳ ಪಕ್ಕದಲ್ಲೇ, ಎರಡು ಮೊಳ ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದ. ನಾನು ನೀರು ಕುಡಿಯಲು ಎದ್ದುಹೋದೆ.

ಈಗ ಹಿಂದಿನದನ್ನು ಹೇಳಬೇಕು.

ಆ ಕಾಲದಲ್ಲಿ ನಮ್ಮ ಕಂಪನಿಯ ಒಂದು ಬಸ್ಸು ಬೆಳಿಗ್ಗೆ ಮುಳಬಾಗಿಲು ಬಿಟ್ಟು ಶ್ರೀನಿವಾಸಪುರದ ಮೇಲೆ ಕೋಲಾರಕ್ಕೆ ಬರುತ್ತಿತ್ತು. ಇನ್ನೊಬ್ಬ ಮಾಲೀಕರ ಬಸ್ಸಿಗೂ ಅದೇ ಮಾರ್ಗದಲ್ಲಿ ಪರ್ಮಿಟ್ ಸಿಕ್ಕಿತು. ಅದು ನಮಗಿಂತ ಹತ್ತು ನಿಮಿಷ ಮುಂಚೆ ಶ್ರೀನಿವಾಸಪುರಕ್ಕೆ ಬಂದು ಅಲ್ಲಿನ ಜನವನ್ನೆಲ್ಲ ಗುಡಿಸಿಕೊಂಡು ಹೋಗುತ್ತಿತ್ತು. ನಮ್ಮ ಬಸ್ಸು ಆ ಹಳ್ಳಿಯೊಳಗೆ ಹೋಗಿ ಬರುವುದಕ್ಕೆ ಹದಿನೆಂಟು ನಿಮಿಷ ತೆಗೆದುಕೊಳ್ಳುತ್ತಿತ್ತು. ಮಾಲೀಕರು ನನ್ನನ್ನು ಕರೆದು, ಟೈಮಿಂಗ್ ಸರಿ ಮಾಡು, ಹೇಗೆ ಮಾಡ್ತೀಯೋ ನಿನಗೆ ಬಿಟ್ಟಿದ್ದು ಎಂದರು. ಹಳ್ಳಿಯನ್ನು ಬಿಡಬೇಕಾದರೆ ಪರ್ಮಿಟ್ ತಿದ್ದಿಸಬೇಕು. ಅದಕ್ಕೆ ಅರ್ಜಿ ಕೊಡಬೇಕು, ಅರ್ಜಿಯ ಜೊತೆ ಆ ಊರಿನಲ್ಲಿ ಎಷ್ಟು ಜನ ಹತ್ತುತ್ತಾರೆ, ಇಳಿಯುತ್ತಾರೆ ಎಂಬ ಪಟ್ಟಿ ಇರಬೇಕು.

ನಾನು ಮೂರು ದಿನ ಆ ಬಸ್ಸಿನಲ್ಲಿ ಬಾಗಿಲ ಪಕ್ಕ ಕೂತು ಎಣಿಸಿದೆ. ಮೊದಲ ದಿನ ಬೆಳಿಗ್ಗೆ ಆ ಊರಿನಲ್ಲಿ ಮೂವತ್ತೊಂದು ಜನ ಹತ್ತಿದರು. ಹತ್ತಕ್ಕೂ ಹೆಚ್ಚು ಶಾಲೆಯ ಮಕ್ಕಳು. ಸೊಪ್ಪು, ತರಕಾರಿ ಮಂಕರಿ ಹೊತ್ತ ಹೆಂಗಸರು. ರೇಷ್ಮೆಗೂಡಿನ ಚೀಲ ಹಿಡಿದ ಇಬ್ಬರು ಗಂಡಸರು. ಎರಡನೆಯ ದಿನ ಇಪ್ಪತ್ತಾರು, ಮೂರನೆಯ ದಿನ ಇಪ್ಪತ್ತೊಂಬತ್ತು. ಎರಡನೆಯ ದಿನ ಅಲ್ಲೇ ಇಳಿದು ಸಂಜೆಯ ಟ್ರಿಪ್ಪಿಗೆ ಕಾದೆ. ಬಿಸಿಲಿನಲ್ಲಿ ನಿಂತಿದ್ದ ನನ್ನನ್ನು ಒಬ್ಬರು ರೈತರು ಮನೆಗೆ ಕರೆದು ಊಟ ಹಾಕಿದರು. ಹಿಪ್ಪುನೇರಳೆ ಸೊಪ್ಪು ಹರವಿದ್ದ ಪಡಸಾಲೆಯಲ್ಲಿ ಕೂತು ಉಂಡೆ. ಬಸ್ಸಿನ ವಿಚಾರ ಕೇಳಲು ಬಂದಿದ್ದೇನೆಂದರೆ ಇನ್ನೊಂದು ಟ್ರಿಪ್ಪು ಹಾಕುತ್ತಾರೆಂದು ಅವರು ತಿಳಿದುಕೊಂಡರು. ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಪಟ್ಟಿ ಬರೆಯುವಾಗ ನಾನು ಎಣಿಸಿದ್ದನ್ನು ಬರೆಯಲಿಲ್ಲ. ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ವೇಬಿಲ್ ನೋಡಿ ಬರೆದೆ. ಬಸ್ಸಿನ ದರವನ್ನು ಸ್ಟೇಜುಗಳ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಎಲ್ಲ ಊರೂ ಸ್ಟೇಜ್ ಅಲ್ಲ. ಸ್ಟೇಜ್ ಅಲ್ಲದ ಊರಿನಲ್ಲಿ ಹತ್ತಿದವರಿಗೆ ಅದರ ಹಿಂದಿನ ಸ್ಟೇಜಿನಿಂದ ಟಿಕೆಟ್ ಹರಿಯಬೇಕು. ಆ ಹಳ್ಳಿ ಸ್ಟೇಜ್ ಆಗಿರಲಿಲ್ಲ. ಅಲ್ಲಿ ಹತ್ತಿದ ಮೂವತ್ತೊಂದು ಜನವೂ ವೇಬಿಲ್ಲಿನಲ್ಲಿ ಹಿಂದಿನ ಊರಿನವರಾಗಿ ಕಾಣುತ್ತಿದ್ದರು. ಹಳ್ಳಿಯ ಹೆಸರಿನ ಮುಂದೆ ಏನೂ ಇರುತ್ತಿರಲಿಲ್ಲ. ಬೇರೆ ಗುಮಾಸ್ತ ಯಾರಾದರೂ ಆಗಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು. ನಾನು ಅದೇ ಬಸ್ಸಿನಲ್ಲಿ ಎರಡು ವರ್ಷ ಕಂಡಕ್ಟರ್ ಆಗಿದ್ದವನು. ಅದೇ ಜನಕ್ಕೆ ಹಿಂದಿನ ಸ್ಟೇಜಿನ ಟಿಕೆಟನ್ನು ನನ್ನ ಕೈಯಾರೆ ಹರಿದುಕೊಟ್ಟಿದ್ದೆ. ಆದರೂ ಹತ್ತಿದವರು ಇಲ್ಲ, ಇಳಿದವರು ಇಲ್ಲ ಎಂದು ಅಂದವಾಗಿ ಬರೆದು, 'ವೇಬಿಲ್ಲಿನ ಪ್ರಕಾರ' ಎಂದು ಕೆಳಗೆ ಸೇರಿಸಿ ಸಹಿ ಹಾಕಿದೆ. ಸುಳ್ಳು ಬರೆದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುವುದಕ್ಕೆ ಆ ಎರಡು ಪದ ಸಾಕಾಗಿದ್ದವು.

ಎರಡು ಮೂರು ತಿಂಗಳಲ್ಲಿ ಪರ್ಮಿಟ್ ತಿದ್ದುಪಡಿಯಾಯಿತು. ನಮ್ಮ ಬಸ್ಸು ಎದುರಾಳಿಗಿಂತ ಎಂಟು ನಿಮಿಷ ಮುಂಚೆ ಶ್ರೀನಿವಾಸಪುರಕ್ಕೆ ಬರತೊಡಗಿತು. ಮಾಲೀಕರು ನಾಲ್ಕು ಜನರ ಮುಂದೆ ಹೊಗಳಿದರು.

ಅದಾದ ಎರಡು ವಾರಕ್ಕೆ, ಊಟ ಹಾಕಿದ್ದ ಆ ರೈತರು ಆಫೀಸಿಗೆ ಬಂದರು. ಕಿಟಕಿಯಿಂದ ಅವರನ್ನು ನೋಡಿದ ಕೂಡಲೇ ನಾನು ಹಿಂದಿನ ಬಾಗಿಲಿನಿಂದ ಹೊರಬಿದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ಟೀ ಅಂಗಡಿಯಲ್ಲಿ ನಿಂತೆ. ಇನ್ನೊಬ್ಬ ಗುಮಾಸ್ತ ಅವರಿಗೆ ಏನೋ ಹೇಳಿ ಕಳಿಸಿದ. ನನ್ನ ಹೆಸರು ಹೇಳಲಿಲ್ಲವಂತೆ. ಅದನ್ನು ಕೇಳಿ ನನಗೆ ಉಸಿರು ಬಂತು.

ಆರೇಳು ವರ್ಷದ ಮೇಲೆ ಮಗನಿಗೆ ಹೆಣ್ಣು ಹುಡುಕುವಾಗ ಆ ಊರಿನಿಂದಲೇ ಒಂದು ಸಂಬಂಧ ಬಂತು. ನೋಡಲು ಹೋದರೆ ಅದೇ ಪಡಸಾಲೆ, ಅದೇ ರೈತರು. ಬಸ್ಸಿನವರಲ್ಲವೇ ಎಂದು ಗುರುತು ಹಿಡಿದು ಸಂತೋಷಪಟ್ಟರು; ನಾನು ಅಂದು ಟ್ರಿಪ್ಪು ಹಾಕಿಸಲು ಬಂದಿದ್ದೆನೆಂದೇ ಅವರ ನಂಬಿಕೆ. ಹುಡುಗಿ ಎಷ್ಟು ಓದಿದ್ದಾಳೆ ಎಂದು ನನ್ನ ಹೆಂಡತಿ ಕೇಳಿದಳು. ಏಳನೆಯ ತರಗತಿ, ಆಮೇಲೆ ಬಸ್ಸು ನಿಂತುಹೋಯಿತು ಎಂದರು. ಹೆಂಡತಿಗೆ ಓದು ಕಡಿಮೆಯಾಯಿತೆಂದು ಮನಸ್ಸಿರಲಿಲ್ಲ. ಮಗ ಎಲ್ಲ ನಮಗೇ ಬಿಟ್ಟಿದ್ದ. ನಾನು ಹಟ ಹಿಡಿದು ಒಪ್ಪಿಸಿದೆ. ಹುಡುಗಿ ಚುರುಕಾಗಿದ್ದಾಳೆ, ಅದಕ್ಕೇ ಒಪ್ಪಿದೆ ಎಂದು ಎಲ್ಲರಿಗೂ ಹೇಳಿದೆ. ಅವಳಿಗೂ ಹಾಗೆಯೇ ಹೇಳಿದ್ದೆ. ಮನೆಗೆ ಬಂದ ಮೇಲೆ ಅವಳನ್ನು ಒಂದು ಮಾತು ಅಂದವನಲ್ಲ. ಅಷ್ಟಕ್ಕೇ ಋಣ ತೀರಿತು ಎಂದುಕೊಂಡಿದ್ದೆ. ಅವಳ ಅಪ್ಪ ಏನೂ ಗೊತ್ತಾಗದೆಯೇ ತೀರಿಕೊಂಡರು.

ಅವರೆಕಾಳಿನ ಆ ಭಾನುವಾರದ ನಂತರ ಅವಳು ಬಾಗಿಲಲ್ಲಿ ಕಂಡರೆ ಸಾಕು, ನಾನು ಲ್ಯಾಪ್‌ಟಾಪು ಮುಚ್ಚುತ್ತಿದ್ದೆ. ಆದರೂ ಬಿಡಲಾಗಲಿಲ್ಲ. ಆ ಊರಿಗೆ ಹೇಗಾದರೂ ಬಸ್ಸು ಕೂಡಿಸಬಹುದೇ ಎಂದು ದಿನಾ ಹಟ ಮಾಡಿ ಕೂರುತ್ತಿದ್ದೆ. ಇನ್ನೊಂದು ಬಸ್ಸು ಸೇರಿಸಿದೆ. ಉಳಿದ ಹೊತ್ತೆಲ್ಲ ಅದು ಖಾಲಿ ಓಡಿತು. ಶ್ರೀನಿವಾಸಪುರದಿಂದ ಚಿಕ್ಕ ಬಸ್ಸು ಬಿಟ್ಟೆ. ಅದು ಬರುವಷ್ಟರಲ್ಲಿ ಮುಂದಿನ ಬಸ್ಸು ಹೊರಟುಹೋಗುತ್ತಿತ್ತು. ಆಟದಲ್ಲಿ ಪ್ರತಿ ಬಸ್ಸಿಗೂ ಬೆಳಿಗ್ಗೆ ಹೊರಡುವ ಜಾಗ ಒಂದಿರುತ್ತದೆ. ಹತ್ತನೆಯ ದಿನವೋ ಏನೋ, ಮುಳಬಾಗಿಲಿನಿಂದ ಹೊರಡುತ್ತಿದ್ದ ಬಸ್ಸಿನ ಆ ಜಾಗವನ್ನು ಹಳ್ಳಿಗೇ ಬದಲಾಯಿಸಿದೆ. ಅಂದರೆ ರಾತ್ರಿ ಬಸ್ಸು ಹಳ್ಳಿಯಲ್ಲೇ ತಂಗುತ್ತದೆ. ಬೆಳಿಗ್ಗೆ ಅಲ್ಲಿಂದಲೇ ಹೊರಟು ನೇರ ಶ್ರೀನಿವಾಸಪುರಕ್ಕೆ ಬರುತ್ತದೆ. ಹೋಗಿ ಬರುವ ತಿರುವೇ ಇಲ್ಲ. ಬೆಳಗಿನ ಹೊತ್ತು ಹದಿನೆಂಟು ನಿಮಿಷವೂ ಉಳಿಯಿತು, ಊರಿಗೆ ಬಸ್ಸೂ ಆಯಿತು. ಮುಳಬಾಗಿಲಿನ ಜನಕ್ಕೆ ಅದರ ಹಿಂದೆ ಬರುವ ಬಸ್ಸು ಸಾಕಾಯಿತು.

ನೈಟ್ ಹಾಲ್ಟ್ ಎಂಬುದು ನನಗೆ ಹೊಸದೇ? ನಮ್ಮ ಕಂಪನಿಯ ನಾಲ್ಕು ಬಸ್ಸು ಹಳ್ಳಿಗಳಲ್ಲೇ ತಂಗುತ್ತಿದ್ದವು. ಕಂಡಕ್ಟರ್ ಆಗಿದ್ದಾಗ ನಾನೇ ಎಷ್ಟೋ ದಿನ ದೇವಸ್ಥಾನದ ಜಗಲಿಯಲ್ಲಿ ಮಲಗಿದ್ದೇನೆ. ಅವತ್ತು ಅರ್ಧ ದಿನ ಯೋಚನೆ ಮಾಡಿದ್ದರೆ ಹೊಳೆಯುತ್ತಿತ್ತು. ಖಾಲಿ ಎಂದು ಬರೆಯುವುದು ಅದಕ್ಕಿಂತ ಸುಲಭವಾಗಿತ್ತು.

ಅದೇ ವಾರ ಸೊಸೆ ಅವಳ ಅಣ್ಣನ ಜೊತೆ ಫೋನಿನಲ್ಲಿ ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿ ನನ್ನ ಹತ್ತಿರ ಬಂದಳು. ಅಣ್ಣನ ಮಗಳು ಈ ವರ್ಷ ಏಳನೆಯ ತರಗತಿ ಮುಗಿಸುತ್ತಾಳೆ. ಊರಿಗೆ ಇವತ್ತಿಗೂ ಬಸ್ಸಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದರೂ ಇವರ ಊರಿನವರು ಮುಖ್ಯ ರಸ್ತೆಯ ಕ್ರಾಸಿನವರೆಗೆ ಆಟೋಗೆ ಕೊಟ್ಟೇ ಹೋಗಬೇಕು, ಇಲ್ಲವೇ ನಡೆಯಬೇಕು. ಊರಿನವರೆಲ್ಲ ಸೇರಿ ಬಸ್ಸಿಗೆ ಅರ್ಜಿ ಕೊಡುತ್ತಿದ್ದಾರೆ.

"ನೀವೇ ಬರೆದುಕೊಡಿ ಮಾವ. ಬಸ್ಸಿನ ವಿಚಾರ ನಿಮಗಿಂತ ಯಾರಿಗೆ ಗೊತ್ತು" ಎಂದಳು.

ಆಗಲಿ ಎಂದೆ. ಒಂದು ದಿನ ಕನ್ನಡಕದ ನೆಪ ಹೇಳಿದೆ. ಇನ್ನೊಂದು ದಿನ ತಲೆನೋವು. ಅವಳು ಅವಸರ ಮಾಡಲಿಲ್ಲ, ದಿನಕ್ಕೊಂದು ಸಲ ನೆನಪಿಸುತ್ತಿದ್ದಳು. ಅರ್ಜಿ ಕೊಟ್ಟರೆ ಹಳೆಯ ಕಡತ ತೆಗೆಯುತ್ತಾರೆ, ಅದರಲ್ಲಿ ನನ್ನ ಸಹಿ ಇರುತ್ತದೆ ಎಂಬ ಭಯ ಒಂದು. ಆ ಕಾಲದ ಕಡತ ಈಗೆಲ್ಲಿ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡರೆ ಇನ್ನೊಂದು ಭಯ: ಅವಳಿಗೆ ಗೊತ್ತಾದರೆ? ನನ್ನ ಊಟ, ಮಾತ್ರೆ, ಬಿಸಿನೀರು ಎಲ್ಲ ಅವಳ ಕೈಯಲ್ಲಿ. ಅದಕ್ಕಿಂತ ಹೆಚ್ಚಾಗಿ, ಈ ಮನೆಯಲ್ಲಿ ನನ್ನನ್ನು ದೊಡ್ಡ ಮನುಷ್ಯನೆಂದು ನಂಬಿರುವವಳು ಅವಳೊಬ್ಬಳೇ. ತಟ್ಟೆ ಇಡುವ ಸದ್ದಾದರೂ ಬೆಚ್ಚುವಂತಾಯಿತು.

ಕೊನೆಗೆ ಬರೆದೆ. ಊರಿನ ಮನೆಗಳು, ಮಕ್ಕಳು, ತರಕಾರಿ, ಗೂಡು, ಹಾಲಿನ ಡೈರಿ ಎಲ್ಲ ಬರೆದೆ. ಬಸ್ಸು ರಾತ್ರಿ ಊರಿನಲ್ಲಿ ತಂಗಿದರೆ ವೇಳೆ ಹೇಗೆ ಉಳಿಯುತ್ತದೆ ಎಂಬುದನ್ನು ನಿಮಿಷದ ಸಮೇತ ವಿವರಿಸಿದೆ. ಹಿಂದಿನ ಸಂಗತಿಯನ್ನು ಮಾತ್ರ ಒಂದೇ ಸಾಲಿನಲ್ಲಿ ದಾಟಿಸಿದೆ: 'ಈ ಹಿಂದೆ ಸದರಿ ಗ್ರಾಮಕ್ಕೆ ಬಸ್ಸು ಬರುತ್ತಿದ್ದು, ಕಾರಣಾಂತರಗಳಿಂದ ನಿಂತಿರುತ್ತದೆ.'

ಮಗ ಗ್ಯಾರೇಜಿಗೆ, ಮೊಮ್ಮಗಳು ಕಾಲೇಜಿಗೆ ಹೋದ ಮೇಲೆ ಸೊಸೆ ಅದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಓದಿದಳು. ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಆ ಸಾಲಿಗೆ ಬಂದು ನಿಂತಳು.

"ಏನು ಕಾರಣ ಮಾವ?"

"ಹಾಗೆ ಬರೆಯೋದು ರೂಢಿ ಕಣಮ್ಮ."

"ಜನ ಹತ್ತಲ್ಲ ಅಂತ ಸುಳ್ಳು ಬರೆದರು ಅಂತ ಹಾಕಿ. ಇಲ್ಲಾಂದ್ರೆ ಈಗಲೂ ಅದನ್ನೇ ಹೇಳ್ತಾರೆ."

ನಾನು ಏನಾದರೂ ಹೇಳಿ ದಾಟಿಬಿಡಬಹುದಿತ್ತು. ಹಾಗೇ ಬರೆಯುತ್ತೇನೆ ಎಂದಿದ್ದರೂ ಸಾಕಿತ್ತು. "ಬರೆದವನು ನಾನು" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅರ್ಜಿಯ ವಿಷಯ ಹೇಳುತ್ತಿದ್ದೇನೆ ಅಂದುಕೊಂಡಳು. ನಾನು ಕುರ್ಚಿಯ ಕೈ ಹಿಡಿದುಕೊಂಡು ಸ್ಟೇಜು, ವೇಬಿಲ್ಲು, ಮೂರು ದಿನದ ಎಣಿಕೆ ಎಲ್ಲವನ್ನೂ ಹೇಳಿದೆ. ಅವಳ ಅಪ್ಪ ಆಫೀಸಿಗೆ ಬಂದ ದಿನ ಹಿಂದಿನ ಬಾಗಿಲಿನಿಂದ ಓಡಿದ್ದನ್ನೂ ಬಿಡಲಿಲ್ಲ. ಅವಳು ಕಾಗದವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು.

"ನೀವು ನೋಡಿದ್ರಾ ನಮ್ಮನ್ನ?" ಎಂದಳು.

"ನೋಡ್ದೆ. ಎಣಿಸ್ದೆ."

"ಎಷ್ಟು ಜನ?"

"ಮೊದಲ ದಿನ ಮೂವತ್ತೊಂದು."

"ಅದ್ರಲ್ಲಿ ನಾನೂ ಇದ್ದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಅದಕ್ಕೇನಾ ನನ್ನನ್ನ ಈ ಮನೆಗೆ ತಂದ್ಕೊಂಡಿದ್ದು? ಚುರುಕಾಗಿದೀನಿ ಅಂತ ಅಲ್ವಾ?"

ಅವಳು ಮಿಕ್ಕದ್ದನ್ನೆಲ್ಲ ಕೇಳುತ್ತಾಳೆಂದು ಸಿದ್ಧನಾಗಿದ್ದೆ. ಇದಕ್ಕೆ ಸಿದ್ಧನಾಗಿರಲಿಲ್ಲ. "ಅದಕ್ಕೇ" ಎಂದೆ. "ಚುರುಕು ಅನ್ನೋದು ಆಮೇಲೆ ಗೊತ್ತಾಯ್ತು."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಲೆಯ ಮೇಲೆ ಏನೋ ಸೀದ ವಾಸನೆ ಬಂತು. ಅವಳ ಕೈಯಲ್ಲಿ ಅಡಿಗೆ ಸೀದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲಿನ ನಾಲ್ಕು ದಿನ ಹೇಗೆ ಕಳೆದೆನೋ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮೊಮ್ಮಗಳ ಕೈಯಲ್ಲಿ. ಅವಳು ಕಾಲೇಜಿಗೆ ಹೋದ ಹೊತ್ತಿನಲ್ಲಿ ತಟ್ಟೆ ಮೇಜಿನ ಮೇಲೆ ಮುಚ್ಚಿಟ್ಟಿರುತ್ತಿತ್ತು. ಸೊಸೆ ನನ್ನನ್ನು ಏನೆಂದೂ ಕರೆಯಲಿಲ್ಲ. ಮಗನಿಗೆ ಹೇಳಿದಳೇ? ಅವನು ಸಂಜೆ ಬಂದು ಎಂದಿನಂತೆ ಕೈತೊಳೆದು ಟಿವಿ ಮುಂದೆ ಕೂರುತ್ತಿದ್ದ. ಅವನ ಮುಖ ನೋಡಿ ನೋಡಿ ಏನೂ ತಿಳಿಯದೆ ಸಾಕಾಯಿತು. ಎಲ್ಲಿಯಾದರೂ ಹೋಗಿಬಿಡೋಣವೆಂದರೆ ಮಾಲೂರಿನಲ್ಲಿ ತಂಗಿ ಇದ್ದಾಳೆ. ಬಟ್ಟೆ ಜೋಡಿಸಲು ಒಂದು ಸಲ ಚೀಲ ತೆಗೆದದ್ದೂ ಉಂಟು. ತಂಗಿ ಯಾಕೆ ಬಂದೆ ಎಂದು ಕೇಳಿದರೆ ಅವಳಿಗೂ ಹೇಳಬೇಕಲ್ಲ ಎಂದು ಚೀಲವನ್ನು ಮತ್ತೆ ಕಪಾಟಿಗೆ ಹಾಕಿದೆ.

"ತಾತ, ಆಟ ಯಾಕೆ ಬಿಟ್ಟೆ? ಅಮ್ಮ ಬೈದ್ಳಾ?" ಎಂದು ಮೊಮ್ಮಗಳು ಕೇಳಿದಳು. ಕಣ್ಣುರಿ ಎಂದೆ.

ಐದನೆಯ ದಿನ ಬೆಳಿಗ್ಗೆ ಸೊಸೆ ಅರ್ಜಿಯನ್ನು ನನ್ನ ಮುಂದೆ ಇಟ್ಟಳು. 'ಕಾರಣಾಂತರಗಳಿಂದ' ಎಂಬ ಪದವನ್ನು ಮಗಳ ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದಳು.

"ಇಲ್ಲಿ ನಡೆದಿದ್ದು ಬರೀರಿ. ಯಾರು ಬರೆದಿದ್ದು, ಯಾಕೆ ಬರೆದಿದ್ದು, ಎಷ್ಟು ಜನ ಇದ್ರು. ನಿಮ್ಮ ಸಹಿ ಹಾಕಿ. ಭಾನುವಾರ ಊರಲ್ಲಿ ಎಲ್ಲರೂ ಸೇರ್ತಾರೆ, ಅಲ್ಲಿ ನೀವೇ ಓದಿ."

"ನಿಮ್ಮಣ್ಣನಿಗೆ..."

"ಯಾರಿಗೂ ಹೇಳಿಲ್ಲ. ನಾನ್ಯಾಕೆ ಹೇಳಲಿ? ನೀವು ಹೇಳಿ."

ಬರೆದೆ. ಎಂಟು ಸಾಲಾಯಿತು. ಅಷ್ಟು ಬರೆಯಲು ಒಂದು ಬೆಳಗು ಬೇಕಾಯಿತು.

ಭಾನುವಾರ ನಾವಿಬ್ಬರೇ ಹೊರಟೆವು. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಿ ಕ್ರಾಸಿನಲ್ಲಿ ಇಳಿದೆವು. ಅಲ್ಲಿ ಎರಡು ಆಟೋ ನಿಂತಿದ್ದವು. ನಾನು ಒಂದರ ಕಡೆ ನಡೆದೆ. ಅವಳು ಆಗಲೇ ಊರಿನ ರಸ್ತೆಗೆ ತಿರುಗಿದ್ದಳು.

"ನಡ್ಕೊಂಡು ಹೋಗೋಣ" ಎಂದಳು.

ಮೂರು ಕಿಲೋಮೀಟರಿಗೆ ಮೇಲಿದೆ. ಬಸ್ಸಿನಲ್ಲಿ ಆ ರಸ್ತೆಯನ್ನು ನಿಮಿಷಗಳಲ್ಲಿ ಅಳೆದಿದ್ದೆನೇ ಹೊರತು ಒಂದು ಸಲವೂ ನಡೆದಿರಲಿಲ್ಲ. ಎರಡು ಕಡೆಯೂ ಮಾವಿನ ತೋಪು, ಹೂ ಬಿಡುವ ಕಾಲ. ತೋಪು ಮುಗಿದ ಮೇಲೆ ಕೆರೆಯ ಏರಿ, ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ಹದಿಮೂರು ವರ್ಷದ ಹುಡುಗಿಯನ್ನು ದಿನಾ ಎರಡು ಸಲ ಇಲ್ಲಿ ಒಂಟಿಯಾಗಿ ಕಳಿಸಲು ಯಾವ ತಾಯಿಗೆ ಧೈರ್ಯ ಬಂದೀತು ಎಂದು ಅಲ್ಲಿ ನಡೆಯುವಾಗ ನನಗೆ ತಿಳಿಯಿತು. ಮಂಡಿ ನೋಯುತ್ತಿತ್ತು, ಎರಡು ಕಡೆ ಕೂತೆ. ಕೂತಾಗಲೆಲ್ಲ ಅವಳು ಸ್ವಲ್ಪ ಮುಂದೆ ಹೋಗಿ, ನನ್ನ ಕಡೆ ತಿರುಗದೆ, ನಾನು ಏಳುವವರೆಗೆ ನಿಂತಿರುತ್ತಿದ್ದಳು.

ಹಾಲಿನ ಡೈರಿಯ ಮುಂದೆ ಮೂವತ್ತು ನಲವತ್ತು ಜನ ಸೇರಿದ್ದರು. ಅವಳ ಅಣ್ಣ ಓಡಿಬಂದು ನನ್ನ ಕೈಹಿಡಿದು, ನಡೆಸಿಕೊಂಡು ಬಂದಿದ್ದಕ್ಕೆ ತಂಗಿಯನ್ನು ಗದರಿ, ಕುರ್ಚಿ ಹಾಕಿಸಿದ. ಆ ಮರ್ಯಾದೆ ನನಗೆ ಸಲ್ಲದು. ಕೂರಲಿಲ್ಲ. ಕಾಗದ ಬಿಡಿಸಿದೆ. ಮೊದಲಿನ ಭಾಗವನ್ನು ಬೇಗ ಓದಿದೆ. ಆ ಎಂಟು ಸಾಲು ಬಂದಾಗ ದನಿ ತಗ್ಗಿತು. ನನ್ನ ಹೆಸರು, ಆಗಿನ ಕೆಲಸ, ಎಣಿಸಿದ್ದು ಎಷ್ಟು, ಬರೆದದ್ದು ಏನು ಎಲ್ಲ ಓದಿದೆ. ಅವಳ ಅಣ್ಣ ತಂಗಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಹಿಂದೆ ಕೂತಿದ್ದ ಒಬ್ಬ ಮುದುಕಿ ಕಿವಿಗೆ ಕೈ ಹಚ್ಚಿಕೊಂಡು, "ವಿನಪಡಲೇದು ನಾಯನಾ, ಇಂಕೊಸಾರಿ ಸದುವು" ಎಂದಳು. ಕೇಳಿಸಲಿಲ್ಲ, ಇನ್ನೊಂದು ಸಲ ಓದು ಎಂದು.

ಮತ್ತೆ ಓದಿದೆ. ಈ ಸಲ ಗಟ್ಟಿಯಾಗಿ ಓದಬೇಕಾಯಿತು. ಮುದುಕಿ ಪೂರ್ತಿ ಕೇಳಿ, ಪಕ್ಕದವಳಿಗೆ ಏನೋ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಹೆಣ್ಣುಮಕ್ಕಳೂ ಆ ಶಾಲೆಯ ಗೋಡೆಗೆ ಒರಗಿ ನಿಂತವರೋ ಏನೋ, ಕೇಳುವ ಧೈರ್ಯ ನನಗಾಗಲಿಲ್ಲ. ಬೈಯುತ್ತಾರೆಂದು ಕಾದೆ. ಒಬ್ಬ ಮಧ್ಯವಯಸ್ಸಿನವನು ಎದ್ದು, ನಿಮ್ಮಂಥವರನ್ನು ಕರೆದು ಕುರ್ಚಿ ಬೇರೆ ಹಾಕಿದ್ದೀವಲ್ಲ ಎಂದು ಹೇಳಿ, ಸಹಿ ಹಾಕದೆ ಹೊರಟುಹೋದ. ಉಳಿದವರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಬಸ್ಸು ರಾತ್ರಿ ತಂಗಿದರೆ ಡ್ರೈವರ್ ಕಂಡಕ್ಟರು ಎಲ್ಲಿ ಮಲಗುತ್ತಾರೆ ಎಂದು ಯಾರೋ ಕೇಳಿದರು. ಡೈರಿಯ ಕೋಣೆ ಕೊಡೋಣ ಎಂದ ಒಬ್ಬ. ಅಲ್ಲಿ ಸೊಳ್ಳೆ, ಶಾಲೆಯ ಕೊಠಡಿ ವಾಸಿ ಎಂದ ಇನ್ನೊಬ್ಬ. ನನ್ನನ್ನು ಬಿಟ್ಟು ಮಾತು ಆ ಕಡೆ ಹೋಯಿತು.

ಅರ್ಜಿ ಕೊಟ್ಟು ಎರಡು ತಿಂಗಳಾಗಿದೆ. ಪರಿಶೀಲಿಸುತ್ತೇವೆ ಎಂದಿದ್ದಾರೆ. ಬಂದು ಎಣಿಸುತ್ತಾರಂತೆ. ಯಾರು ಬರುತ್ತಾರೋ, ಏನು ಬರೆಯುತ್ತಾರೋ ಎಂದು ನನಗೆ ದಿನವೂ ಆತಂಕ. ಆ ಹುಡುಗಿಯ ಹೈಸ್ಕೂಲು ಶುರುವಾಗಲು ಇನ್ನು ಹೆಚ್ಚು ದಿನ ಉಳಿದಿಲ್ಲ.

ಆ ಭಾನುವಾರ ಎಲ್ಲರೂ ಸಹಿ ಹಾಕಿ ಮುಗಿದ ಮೇಲೆ ಸೊಸೆ ಕೊನೆಯಲ್ಲಿ ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಅವಳು ಈಗ ಆ ಊರಿನವಳಲ್ಲ, ಅವಳ ಸಹಿ ಬೇಕಿರಲಿಲ್ಲ. ಆದರೂ ಹಾಕಿದಳು. ಹಾಕಿ, ಪಕ್ಕದಲ್ಲಿ ಕಂಸದೊಳಗೆ 'ಆಗ ಎಂಟನೇ ತರಗತಿ' ಎಂದು ಬರೆದಳು. ಕಾಗದವನ್ನು ಅಣ್ಣನ ಕೈಗೆ ಕೊಟ್ಟು, ಅವನು ಗಾಡಿ ತರುತ್ತೇನೆಂದರೂ ಬೇಡವೆಂದು, ಕ್ರಾಸಿನ ಕಡೆಗೆ ಹೊರಟಳು. ನಾನು ಹಿಂದೆ ನಡೆದೆ.